ರುಂಡಮಾಲೆಯೂ ಒಡವೆಯೇ

ಮೊಣಕಾಲು ಮುಟ್ಟುವ ಹಳೇ ಮಾದರಿಯ ಕಪ್ಪು ಕಾಕ್‌ಟೇಲ್ ಡ್ರೆಸ್, ಕುತ್ತಿಗೆಗೆ ಲೇಸಿನ ಪಟ್ಟಿ, ಬೆರಳಿಗೆ ತಲೆಬುರುಡೆಯ ಬೆಳ್ಳಿ ಉಂಗುರ, ತುಟಿಗೆ ನೇರಳೆ ಹಣ್ಣಿನ ಬಣ್ಣ. ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ರಿಸೆಪ್ಷನ್ನಿಗೆ ಹೀಗೆ ಹೊರಟರೆ ‘ಶುಭದ ದಿನ ಇದೇನವ್ವ ವೇಷ?’ ಎಂದು ಅಜ್ಜಿ ಕೇಳದೆ ಬಿಡುವುದಿಲ್ಲ. ಬುರುಡೆಯನ್ನು ಒಡವೆ ಮಾಡಿಕೊಳ್ಳುವುದು ಪರದೇಶದ ಚಾಳಿ ಎಂಬುದು ಹಿರಿಯರ ಎಣಿಕೆ. ಹಳೇಬೀಡಿನ ಗೋಡೆ ಅದನ್ನು ಒಪ್ಪುವುದಿಲ್ಲ.

ಡ್ರೆಸ್ಸಿನ ಹುಟ್ಟು ಯುರೋಪಿನದು, ನಿಜ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ರಾಣಿ ವಿಕ್ಟೋರಿಯಾ ಬದುಕಿರುವವರೆಗೂ ಕಪ್ಪನ್ನೇ ಉಟ್ಟಳು. ಸೂತಕದ ಆ ಬಣ್ಣವನ್ನು ಸಂಜೆಯ ಪಾರ್ಟಿಗೆ ತಂದವರಲ್ಲಿ ಕೊಕೊ ಶನೆಲ್ ಮುಖ್ಯಳು. 1926ರಲ್ಲಿ ‘ವೋಗ್’ ಪತ್ರಿಕೆ ಅವಳ ಸರಳ ಕಪ್ಪು ಉಡುಪಿನ ಚಿತ್ರ ಅಚ್ಚು ಹಾಕಿತು. 1982ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಬ್ಯಾಟ್‌ಕೇವ್’ ಕ್ಲಬ್ಬಿನ ಗಾಥಿಕ್ ಹುಡುಗ ಹುಡುಗಿಯರು ಅದೇ ಕಪ್ಪಿಗೆ ಸ್ಮಶಾನದ ಗುರುತುಗಳನ್ನು ಸೇರಿಸಿದರು.

ಸ್ಮಶಾನದ ಗುರುತು ಅಲಂಕಾರಕ್ಕೆ ಸೇರುವುದು ನಮ್ಮಲ್ಲಿ ಹನ್ನೆರಡನೇ ಶತಮಾನದಲ್ಲೇ ಆಗಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಭೈರವನನ್ನು ನೋಡಿ: ಮೈಮೇಲೆ ಬಟ್ಟೆಯಿಲ್ಲ; ಇರುವುದು ಹಾವು, ರುಂಡಮಾಲೆ, ಎತ್ತರದ ಪಾದುಕೆ, ಪಕ್ಕದಲ್ಲಿ ಎಲುಬುಗೂಡಿನ ಬೇತಾಳಗಳ ಕುಣಿತ. ಭಯ ಹುಟ್ಟಿಸಬೇಕಾದ ಈ ಮೈಗೂ ಶಿಲ್ಪಿ ತೋಳಬಂದಿ, ಕುಂಡಲಗಳನ್ನು ಒಂದೂ ಕಡಿಮೆ ಮಾಡಿಲ್ಲ. ಬುರುಡೆಯ ಕೆತ್ತನೆಗೂ ಮುತ್ತಿನ ಹಾರದಷ್ಟೇ ಶ್ರದ್ಧೆ.

1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅಲಂಕಾರವೇ ವಸ್ತು. ಮದನಿಕೆ ಎನ್ನುವ ಸುಂದರಿಯರ ಶಿಲ್ಪಗಳಲ್ಲಿ ಒಬ್ಬಳು ಕನ್ನಡಿ ಹಿಡಿದಿದ್ದಾಳೆ. ಇನ್ನೊಬ್ಬಳ ಉಡುಗೆಯಿಂದ ಚೇಳು ಬಿದ್ದಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಗಳ ಕೆಳಗೆ ಹೆಸರನ್ನೂ ಬರೆದಿದ್ದಾರೆ, ಇಂದಿನ ಡಿಸೈನರ್ ಲೇಬಲ್ಲಿನ ಹಾಗೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಇಷ್ಟು ಸಣ್ಣ ಕುಸುರಿಗೆ ಒದಗಿತು.

ಮನೆಯೊಳಗೂ ಕಪ್ಪು ಪೂರ್ತಿ ಹೊರಗಿನದಲ್ಲ. ಮದುವೆಯ ಸೀರೆ ಕಪ್ಪಾಗಬಾರದು ಎನ್ನುವವರೇ ಮದುಮಗಳ ಕೊರಳಿಗೆ ಕರಿಮಣಿ ಕಟ್ಟುತ್ತಾರೆ, ಮಗುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟಿಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿ ಸೀರೆ ಹೆಣ್ಣುಮಕ್ಕಳು ಆಸೆಪಟ್ಟು ಉಡುವ ಕಪ್ಪು. ಕೆಡುಕನ್ನು ತಡೆಯಲು ಕೆಡುಕಿನ ಬಣ್ಣವನ್ನೇ ಮೈಗೆ ತಂದುಕೊಳ್ಳುವ ಈ ಜಾಣತನ ಗಾಥಿಕ್ ಮಂದಿಗೂ ಅರ್ಥವಾಗುವಂಥದ್ದು.

ಹಾಗಾದರೆ ಎಲ್ಲಿ ಉಡುವುದು? ಚೆನ್ನಕೇಶವನಿಗೆ ನಿತ್ಯಪೂಜೆ ನಡೆಯುತ್ತದೆ. ಆ ಅಂಗಳ ಫೋಟೊಶೂಟಿನ ಜಾಗವಲ್ಲ. ಅದಕ್ಕೆ ಹಾಸನ ಜಿಲ್ಲೆಯಲ್ಲೇ ಶೆಟ್ಟಿಹಳ್ಳಿಯ ರೋಸರಿ ಚರ್ಚಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಗಾಥಿಕ್ ಕಟ್ಟಡ ಗೊರೂರಿನ ಹೇಮಾವತಿ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಮಳೆಗಾಲದಲ್ಲಿ ಅರ್ಧ ಮುಳುಗುವ ಅದು ಬೇಸಿಗೆಯಲ್ಲಿ ಮದುವೆಗೆ ಮುಂಚಿನ ಫೋಟೊಗಳಿಗೆ ಹೆಸರುವಾಸಿ. ರಿಸೆಪ್ಷನ್ನಿಗೇ ಉಡುವುದಾದರೆ, ಲೇಸಿನ ಪಟ್ಟಿಯ ಜಾಗದಲ್ಲಿ ಅಜ್ಜಿಯದೇ ಹಳೇ ಬೆಳ್ಳಿ ಅಡ್ಡಿಕೆ ಕೇಳಿ ಹಾಕಿಕೊಳ್ಳಬಹುದು. ಕಪ್ಪಿನ ಮೇಲೆ ಬೆಳ್ಳಿ ಎದ್ದು ಕಾಣುತ್ತದೆ. ಒಡವೆ ಕೊಟ್ಟ ಮೇಲೆ ಅಜ್ಜಿಯ ತಕರಾರೂ ಅರ್ಧಕ್ಕೆ ಇಳಿದೀತು.