ಭಾರ ಇಳಿಸುವ ಕಸುಬು, ಭಾರ ಏರಿಸುವ ಸೀಮೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ರೈತರ ಮನೆಗೆ ಬಂದ ಪಿಕಪ್ ಗಾಡಿಗಳಲ್ಲಿ ಎರಡು ಹೆಸರು ದೊಡ್ಡವು. 1947ರ ಶೆವ್ರೊಲೆ 3100, ಮರುವರ್ಷದ ಫೋರ್ಡ್ ಎಫ್-1. ಉಬ್ಬಿದ ಮಡ್‌ಗಾರ್ಡು, ದುಂಡನೆಯ ಬಾನೆಟ್ಟು, ಹಿಂದೆ ಸಾಮಾನು ಹೇರುವ ತೊಟ್ಟಿ. ಹುಲ್ಲು, ಗೊಬ್ಬರ, ಕಾಳಿನ ಚೀಲ ಹೊತ್ತು ವರ್ಷಗಟ್ಟಲೆ ದುಡಿದು, ಕೊನೆಗೆ ಹಿತ್ತಲ ಮೂಲೆಯಲ್ಲಿ ತುಕ್ಕು ಹಿಡಿದು ನಿಂತವು. ಅಂಥದೊಂದನ್ನು ಗುಜರಿ ಬೆಲೆಗೆ ಎಳೆದು ತಂದು, ತಲೆ ಕೊಯ್ದು, ಸೊಂಟ ತಗ್ಗಿಸಿ, ಹಳೆ ಎಂಜಿನ್ ಇಳಿಸಿ ಅದಕ್ಕಿಂತ ಎಷ್ಟೋ ಜೋರಿನ ಇನ್ನೊಂದನ್ನು ಕೂರಿಸಿದರೆ ಅದು ಹಾಟ್ ರಾಡ್.

ಇಂಥ ಗಾಡಿ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಪೇಟೆಗೆ ಬಂದರೆ ನೋಡಲು ಊರೇ ನೆರೆದೀತು. ಆದರೆ ಅದನ್ನು ಮಾಡಲು ಬೇಕಾದ ಕೈಕೆಲಸ ಯಾವುದೂ ಈ ಮೂರು ಊರಿಗೆ ಹೊಸದಲ್ಲ. ಚೆಸ್ಸಿ ಕೊಯ್ದು ಬೆಸುಗೆ ಹಾಕುವವರು, ಶಾಫ್ಟ್ ತಿರುವುವ ಲೇತಿನವರು, ತಗಡು ಬಡಿದು ಸಪಾಟು ಮಾಡುವ ಟಿಂಕರುಗಳು, ಕಮಾನು ಕಟ್ಟುವವರು, ಬಣ್ಣ ಹೊಡೆಯುವವರು ಎಲ್ಲರೂ ಇಲ್ಲಿದ್ದಾರೆ. ಫರಕಿರುವುದು ಕಬ್ಬಿಣದಿಂದ ಏನು ಬೇಕು ಎಂಬುದರಲ್ಲಿ. ಕ್ಯಾಲಿಫೋರ್ನಿಯಾದ ಹುಡುಗರು ಗಾಡಿಯ ಭಾರ ಕಳೆದು ವೇಗ ಪಡೆದರು. ನಮ್ಮ ಎರಿ ಸೀಮೆಯ ಮಿಸ್ತ್ರಿಗಳು ಭಾರ ಕೂಡಿಸಿ ಎಳೆತ ಪಡೆಯುತ್ತಾರೆ.

ಹುಡುಗರು ಎಂದದ್ದು ಸುಮ್ಮನೆ ಅಲ್ಲ. 1930ರ ದಶಕ ಅಮೆರಿಕದಲ್ಲಿ ಕೈ ಬರಿದಾಗಿದ್ದ ಕಾಲ. ಹೊಸ ಕಾರು ದೂರದ ಮಾತು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿ ಮಾರಿತ್ತು, ಹಳೆಯವು ಪುಡಿಗಾಸಿಗೆ ಸಿಗುತ್ತಿದ್ದವು. ಅವುಗಳ ಮಡ್‌ಗಾರ್ಡು, ಬಾನೆಟ್ಟು, ಟಪ್ಪು ಬಿಚ್ಚಿ ಬಿಸಾಡಿ, ಲಾಸ್ ಏಂಜಲಿಸ್‌ನ ಆಚೆಗಿದ್ದ ಮ್ಯೂರಾಕ್ ಎಂಬ ಒಣಗಿದ ಸರೋವರದ ತಳದಲ್ಲಿ ಓಡಿಸಿ ಯಾರ ಗಾಡಿ ಜೋರು ಎಂದು ನೋಡುತ್ತಿದ್ದರು. 1932ರಲ್ಲಿ ಫೋರ್ಡ್ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಸಾಮಾನ್ಯರ ಕಾರಿಗೂ ಹಾಕಿತು. 3.6 ಲೀಟರ್, 65 ಅಶ್ವಶಕ್ತಿ. ಈ ಚಟಕ್ಕೆ ಬೆಂಕಿ ಹತ್ತಿಸಿದ್ದು ಅದೇ. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿ ಓಟಕ್ಕೆ ಗಡಿಯಾರ ಹಿಡಿಯಿತು. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಯಂತ್ರ ರಿಪೇರಿಯ ಪಳಗಿಕೆಯೂ ಇತ್ತು, ಕೈಯಲ್ಲಿ ನಾಲ್ಕು ಕಾಸೂ ಇತ್ತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಹಾಟ್ ರಾಡ್ ಹೆಸರಿನ ಪತ್ರಿಕೆಯನ್ನೇ ತೆಗೆದ. ಆ ಪತ್ರಿಕೆಯ ಸಂಪಾದಕನಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿ, ಬೀದಿಯಲ್ಲಿ ಜೀವ ತೆಗೆಯುತ್ತಿದ್ದ ಓಟವನ್ನು ಕಟ್ಟುಪಾಡಿನ ಮೈದಾನಕ್ಕೆ ತಂದ.

ಪಿಕಪ್ಪಿನ ಮೇಲೆ ಕಣ್ಣು ಬಿದ್ದದ್ದು ಏಕೆಂದರೆ ಅದರ ಚೆಸ್ಸಿ ಗಟ್ಟಿ, ಕ್ಯಾಬಿನ್ ಸಣ್ಣದು, ಬಾನೆಟ್ಟಿನ ಕೆಳಗೆ ಜಾಗ ಧಾರಾಳ. ಶೆವ್ರೊಲೆ ಪಿಕಪ್ಪಿನ ಮೂಲ ಆರು ಸಿಲಿಂಡರ್ ಎಂಜಿನ್ನಿನದು 90 ಅಶ್ವಶಕ್ತಿ. 1955ರಲ್ಲಿ ಅದೇ ಕಂಪನಿ 4.3 ಲೀಟರಿನ ಹೊಸ ವಿ-8 ತಂದಿತು. ಶಕ್ತಿ 162, ಮೈ ಸಣ್ಣದು, ಬಿಡಿಭಾಗ ಎಲ್ಲಿ ಕೇಳಿದರೂ ಸಿಗುತ್ತದೆ. ಹಳೆ ಪಿಕಪ್ಪಿನೊಳಗೆ ಈ ಎಂಜಿನ್ ಹೊಕ್ಕಷ್ಟು ಬೇರೆ ಯಾವುದೂ ಹೊಕ್ಕಿರಲಾರದು.

ಕೆಲಸ ಶುರುವಾಗುವುದು ಬಿಚ್ಚುವುದರಿಂದ. ತೊಟ್ಟಿ, ಕ್ಯಾಬಿನ್, ಮಡ್‌ಗಾರ್ಡು ಎಲ್ಲ ಇಳಿಸಿ ಚೆಸ್ಸಿಯನ್ನು ಬೆತ್ತಲೆ ನಿಲ್ಲಿಸಿದಾಗ ಗಾಡಿಯ ನಿಜ ಹೊರಗೆ ಬರುತ್ತದೆ. ನೀರು ನಿಲ್ಲುವ ಕಡೆಯಲ್ಲೆಲ್ಲ, ಅಂದರೆ ಕ್ಯಾಬಿನ್ನಿನ ಕೆಳಮೂಲೆ, ಕಾಲಿಡುವ ಹಾಸು, ಬಾಗಿಲಿನ ತಳದಲ್ಲಿ, ತಗಡು ಬೆರಳಿಗೆ ಪುಡಿಯಾಗುತ್ತದೆ. ಅಷ್ಟನ್ನೂ ಕತ್ತರಿಸಿ ಹೊಸ ತಗಡು ಕೂರಿಸಬೇಕು. ಪುಟ್ಟಿ ಮೆತ್ತಿ ಮುಚ್ಚಿದವನ ಕೆಲಸ ಎರಡನೇ ಮಳೆಗಾಲಕ್ಕೆ ಉಬ್ಬಿ ನಿಲ್ಲುತ್ತದೆ.

ಆಮೇಲೆ ತಲೆ ಕೊಯ್ಯುವುದು. ಕ್ಯಾಬಿನ್ನಿನ ನಾಲ್ಕು ಮೂಲೆಯ ಕಂಬಗಳಲ್ಲಿ ತಲಾ ಮೂರು ಇಂಚು ತೆಗೆದು ಛಾವಣಿಯನ್ನು ಇಳಿಸಿ ಮತ್ತೆ ಬೆಸೆಯುವ ಕೆಲಸ ಇದು. ಹೇಳಲು ಇಷ್ಟೇ. ಮುಂದಿನ ಕಂಬಗಳು ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಹಿಂದಕ್ಕೆ ವಾಲಿರುತ್ತವೆ. ನಡುವಿನ ಮೂರು ಇಂಚು ಹೋದಾಗ ಮೇಲಿನ ತುಂಡೂ ಕೆಳಗಿನ ತುಂಡೂ ಒಂದರ ಮೇಲೊಂದು ಕೂರುವುದಿಲ್ಲ, ಛಾವಣಿ ಹಿಂದೆ ಸರಿದಂತಾಗುತ್ತದೆ. ಆಗ ಛಾವಣಿಯನ್ನೇ ಅಡ್ಡಕ್ಕೆ ಕೊಯ್ದು ನಡುವೆ ತಗಡಿನ ಪಟ್ಟಿ ಸೇರಿಸಿ ಉದ್ದ ಮಾಡಬೇಕು, ಇಲ್ಲವೇ ಕಂಬದ ಬುಡ ಸಡಿಲಿಸಿ ಇನ್ನಷ್ಟು ವಾಲಿಸಬೇಕು. ಕೊಯ್ಯುವ ಮೊದಲು ಕ್ಯಾಬಿನ್ನಿನ ಒಳಗೆ ಅಡ್ಡಡ್ಡ ಪೈಪು ಬೆಸೆದು ಬಿಗಿ ಮಾಡದಿದ್ದರೆ ಬಾಗಿಲ ಚೌಕಟ್ಟು ಸೊಟ್ಟಗಾಗಿ, ಬಾಗಿಲು ಮತ್ತೆ ಜನ್ಮದಲ್ಲಿ ಹಾಕಿಕೊಳ್ಳುವುದಿಲ್ಲ. ತಗಡು ತೆಳು, ಬೆಸುಗೆಯ ಕಾವಿಗೆ ತಿರುಚಿಕೊಳ್ಳುತ್ತದೆ. ಅದಕ್ಕೇ ಒಂದೇ ಉಸಿರಿಗೆ ಉದ್ದ ಬೆಸುಗೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಷ್ಟು ದೂರದಲ್ಲಿ ಇನ್ನೊಂದು ಚುಕ್ಕೆ, ನಡುವೆ ಆರಲು ಬಿಡುವು. ಹಳೆ ಪಿಕಪ್ಪಿನ ಗಾಜು ಸಪಾಟಾಗಿರುವುದೊಂದು ಪುಣ್ಯ, ಗಾಜಿನಂಗಡಿಯವನೇ ಅಳತೆಗೆ ಕತ್ತರಿಸಿ ಕೊಡುತ್ತಾನೆ.

ಗಾಡಿಯನ್ನು ನೆಲಕ್ಕೆ ತರಲು ಹಿಂದಿನ ಕಮಾನಿನ ಪ್ಲೇಟು ಕಳಚುತ್ತಾರೆ. ಹೊರೆ ಹೊರದ ಗಾಡಿಗೆ ಅಷ್ಟು ಪ್ಲೇಟು ಬೇಕಿಲ್ಲ. ಗಾಡಿ ತಗ್ಗಿದಾಗ ಹಿಂದಿನ ಹೌಸಿಂಗ್ ಮೇಲೆದ್ದು ಚೆಸ್ಸಿಗೆ ಬಡಿಯುತ್ತದೆ, ಅದಕ್ಕೆ ಆ ಜಾಗದಲ್ಲಿ ಚೆಸ್ಸಿಯ ಕೆಳಭಾಗವನ್ನು ಅರ್ಧಚಂದ್ರ ಕೊಯ್ದು ಸುತ್ತ ದಪ್ಪ ಪಟ್ಟಿ ಬೆಸೆಯುತ್ತಾರೆ. ಎಂಜಿನ್ ಕೂರಿಸುವುದು ಲೇತಿನವನ ಪರೀಕ್ಷೆ. ಒಂದು ಕಂಪನಿಯ ಎಂಜಿನ್ನಿಗೆ ಇನ್ನೊಂದರ ಗೇರ್ ಬಾಕ್ಸ್ ಜೋಡಿಸಲು ನಡುವೆ ದಪ್ಪ ಪ್ಲೇಟೊಂದನ್ನು ತಿರುವಬೇಕು. ಕ್ರ್ಯಾಂಕಿನ ನಡುಬಿಂದುವೂ ಗೇರ್ ಬಾಕ್ಸಿನ ಶಾಫ್ಟಿನ ನಡುಬಿಂದುವೂ ಇಂಚಿನ ಸಾವಿರ ಭಾಗದಲ್ಲಿ ಐದಕ್ಕಿಂತ ಹೆಚ್ಚು ತಪ್ಪಬಾರದು. ತಪ್ಪಿದರೆ ಮೊದಲು ಸದ್ದು, ಆಮೇಲೆ ಬೇರಿಂಗ್, ಕೊನೆಗೆ ಗೇರ್ ಬಾಕ್ಸೇ ಹೋಗುತ್ತದೆ. ಬ್ರೇಕು, ಸ್ಟೇರಿಂಗು, ವೈರಿಂಗು ಹೇಗೂ ಹೊಸದೇ ಆಗಬೇಕು. 90 ಅಶ್ವಶಕ್ತಿಗೆ ಮಾಡಿದ ಡ್ರಮ್ ಬ್ರೇಕು ಹೊಸ ಎಂಜಿನ್ನಿನ ಓಟವನ್ನು ತಡೆಯುವುದಿಲ್ಲ.

ಇನ್ನು ನಮ್ಮ ಕಡೆಗೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ನರಗುಂದಕ್ಕೆ ಲಾರಿಗಳ ಕೆಲಸ ಉಂಟು. ರೋಣ, ಗಜೇಂದ್ರಗಡದಲ್ಲಿ ಗ್ಯಾರೇಜಿನ ಪಂಚಾಂಗವನ್ನು ಬರೆಯುವುದು ಮುಂಗಾರಿ, ಹಿಂಗಾರಿ. ಹದ ಮಳೆ ಬಿದ್ದ ಮರುದಿನವೇ ಮುರಿದ ಕುಂಟಿ, ಬಾಗಿದ ಕೂರಿಗೆ, ಹಿಸಿದ ಟ್ರೇಲರ್ ಸಾಲುಗಟ್ಟಿ ಬರುತ್ತವೆ. "ಮಿಸ್ತ್ರೀ, ನಾಳಿ ಬಿತ್ತಿಗಿ ಐತ್ರೀ, ಹೆಂಗರ ಮಾಡಿ ಸಂಜೀಕ ಬಿಟ್ಟಬಿಡ್ರಿ" ಎನ್ನುವ ರೈತನ ಎದುರು ಡ್ರಾಯಿಂಗು, ಅಂದಾಜುಪಟ್ಟಿ ನಡೆಯುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದದ್ದೇ ಡ್ರಾಯಿಂಗು.

ಟ್ರೇಲರನ್ನು ಹೇಳಿ ಮಾಡಿಸುವುದು ಇಲ್ಲಿ ಮಾಮೂಲು. ಚಾನೆಲ್ ಕಬ್ಬಿಣ ಕೊಯ್ದು ಚೌಕಟ್ಟು, ಅದರ ಮೇಲೆ ದಪ್ಪ ತಗಡಿನ ಹಾಸು, ಬದಿಗೆ ಬಿಚ್ಚುವ ಫಳಿ, ಕೆಳಗೆ ಅಚ್ಚು, ಹಬ್, ಕಮಾನು. ಉಳ್ಳಾಗಡ್ಡಿ ಹೇರುವವನಿಗೆ ಬದಿ ಎತ್ತರ ಬೇಕು, ಕಲ್ಲು, ಮಣ್ಣು ಹೊಡೆಯುವವನಿಗೆ ತಳ ದಪ್ಪ ಬೇಕು, ಹೊಟ್ಟು, ಮೇವು ತರುವವನಿಗೆ ಅಗಲ ಬೇಕು. ಎಲ್ಲರೂ ಕೇಳುವುದು ಒಂದನ್ನೇ, ಕಮಾನಿಗೆ ಇನ್ನೊಂದು ಪ್ಲೇಟು. ಹಾಟ್ ರಾಡಿನವನು ಕಳಚಿ ಒಗೆಯುವ ಅದೇ ಪ್ಲೇಟನ್ನು ನಮ್ಮವರು ಹುಡುಕಿ ತಂದು ಏರಿಸುತ್ತಾರೆ. ನಡುವಿನ ಬೋಲ್ಟು ಬಿಚ್ಚಿ, ಉದ್ದದ ಕ್ರಮ ನೋಡಿ, ಅಳತೆಗೆ ಬಾಗಿಸಿ ಯು-ಕ್ಲಾಂಪು ಬಿಗಿದರೆ ಖಾಲಿ ಟ್ರೇಲರ್ ಎಲುಬು ಅದುರುವಂತೆ ಕುಣಿಯುತ್ತದೆ. ಹೇರಿದಾಗಲೇ ಅದು ತಣ್ಣಗಾಗುವುದು.

ಟ್ರ್ಯಾಕ್ಟರಿನದೂ ಹಾಗೆಯೇ. ಹಸಿ ಎರಿ ಮಣ್ಣಿನಲ್ಲಿ ಹಿಂದಿನ ಗಾಲಿ ಸುಮ್ಮನೆ ಸುತ್ತುತ್ತದೆ, ಹೊರೆ ಜಗ್ಗುವಾಗ ಮುಂದಿನ ಗಾಲಿ ಮೇಲೇಳುತ್ತದೆ. ಅದಕ್ಕೆ ಹಿಂದಿನ ಟೈರಿಗೆ ಗಾಳಿಯ ಜತೆ ನೀರು ತುಂಬಿಸುತ್ತಾರೆ, ಮುಂದೆ ಬಂಪರಿಗೆ ಕಬ್ಬಿಣದ ತೂಕ ಹಚ್ಚುತ್ತಾರೆ. ಕ್ಯಾಲಿಫೋರ್ನಿಯಾದವನು ಇದನ್ನು ನೋಡಿದರೆ ಹಣೆ ಚಚ್ಚಿಕೊಂಡಾನು.

ಈ ಸೀಮೆಗೆ ಕಬ್ಬಿಣದ ಬುದ್ಧಿ ಇಂದು ನಿನ್ನೆಯದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯ ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ ಬಂದವರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಎಂದು ರೈತರು ಅಂಜುತ್ತಿದ್ದ ಕಾಲ ಅದು. ಗದಗ–ಹುಬ್ಬಳ್ಳಿ ದಾರಿಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಟ್ರ್ಯಾಕ್ಟರಿಗೆ ಹಚ್ಚುವ, ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಬಿತ್ತುವ ಕೂರಿಗೆ ಮಾಡಿದರು. ಹುಣಸೆಬೀಜ ಬೇರ್ಪಡಿಸುವ ಯಂತ್ರವೂ ಅವರದೇ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಕಂಪನಿ ಕೊಟ್ಟದ್ದು ನನ್ನ ಹೊಲಕ್ಕೆ ಒಗ್ಗುವುದಿಲ್ಲ, ನಾನೇ ಕೊಯ್ದು ಜೋಡಿಸುತ್ತೇನೆ ಎಂಬ ಹಟ ಇದು. ಮ್ಯೂರಾಕಿನ ಹುಡುಗರಲ್ಲಿ ಇದ್ದದ್ದೂ ಇದೇ ಹಟ. ಪ್ರಶಸ್ತಿಯ ಮಾತು ಬಿಟ್ಟರೂ, ಇಬ್ಬರಲ್ಲಿ ಹೆಚ್ಚು ಕೆಲಸಕ್ಕೆ ಬಂದವರು ಯಾರು ಎಂದರೆ ನಾನು ಕೂರಿಗೆಯ ಕಡೆ.

ವೇಗದ ಹುಚ್ಚು ನಮ್ಮಲ್ಲಿಲ್ಲ ಎಂದೇನಲ್ಲ. ಜಾತ್ರೆಯ ಶರ್ಯತ್ತಿಗೆ ಹೂಡುವ ಖಾಲಿ ಚಕ್ಕಡಿ ಹೊಲದ ಚಕ್ಕಡಿಗಿಂತ ಹಗುರ. ಬಡಿಗೇರರು ಅಲ್ಲಿ ಕಟ್ಟಿಗೆ ಕೆತ್ತಿ ಕೆತ್ತಿ ತೂಕ ಇಳಿಸುತ್ತಾರೆ. ಕಂಬಳ, ಚಕ್ಕಡಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಮೇಲೆ ಈ ಚಕ್ಕಡಿಗಳಿಗೆ ಮತ್ತೆ ಕಳೆ ಬಂದಿದೆ. ಟ್ರ್ಯಾಕ್ಟರ್ ಬಂದ ಮೇಲೆ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರೇಲರ್ ಹಚ್ಚಿ ಹಿಂದಕ್ಕೆ ಓಡಿಸುವ ಸ್ಪರ್ಧೆಯೂ ಹುಟ್ಟಿಕೊಂಡಿತು. ಎರಡು ಗಾಲಿಯ ಟ್ರೇಲರನ್ನು ಹಿಂದೆ ತಳ್ಳುವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಬದಿ ಎಡಕ್ಕೆ ಹೋಗುತ್ತದೆ. ನಾಲ್ಕು ಗಾಲಿಯದಾದರೆ ನಡುವೆ ತಿರುಗುವ ಕೀಲು ಎರಡು, ಲೆಕ್ಕ ಮತ್ತೊಮ್ಮೆ ಉಲ್ಟಾ. ಕತ್ತು ಹಿಂದಕ್ಕೆ ಹೊರಳಿಸಿ, ಒಂದು ಕೈ ಸ್ಟೇರಿಂಗಿನ ಮೇಲಿಟ್ಟು ಅದನ್ನು ನೆಟ್ಟಗೆ ತಳ್ಳಿಕೊಂಡು ಹೋಗುವ ಹುಡುಗನದು ಹಾಟ್ ರಾಡಿನವರೂ ಕಲಿಯಬೇಕಾದ ವಿದ್ಯೆ. ಎರಡು ಟ್ರ್ಯಾಕ್ಟರುಗಳಿಗೆ ಹಗ್ಗ ಕಟ್ಟಿ ಒಂದನ್ನೊಂದು ಜಗ್ಗಿಸುವ ಆಟದ ಬಗ್ಗೆ ನನಗೆ ಆ ಮೆಚ್ಚುಗೆ ಇಲ್ಲ. ಮುಂಗಾಲೆತ್ತಿ ನಿಂತ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಸಾಕು.

ನಮ್ಮಲ್ಲಿ ಹಾಟ್ ರಾಡ್ ಮಾಡಲು ಹೊರಟವನಿಗೆ ಶೆವ್ರೊಲೆ ಸಿಗುವುದಿಲ್ಲ, ಜೀಪು ಸಿಕ್ಕೀತು. 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹಳ್ಳಿಯವರಿಗೆ ಸರ್ಕಾರ ಎಂದರೆ ಬಿಡಿಒ ಸಾಹೇಬರ ಜೀಪು. ಆರಂಭದ ಜೀಪಿನ 2.2 ಲೀಟರ್ ಪೆಟ್ರೋಲ್ ಎಂಜಿನ್ 60 ಅಶ್ವಶಕ್ತಿಯದು, ಆ ಹೆಸರುವಾಸಿ ಫೋರ್ಡ್ ವಿ-8ಕ್ಕಿಂತ ಐದೇ ಕಡಿಮೆ. ಮುಂದೆ ಪೆಟ್ರೋಲ್ ತುಟ್ಟಿಯಾದಾಗ ಎಷ್ಟೋ ಹಳೆ ಜೀಪುಗಳು ಡೀಸೆಲ್ ಎಂಜಿನ್ನಿಗೆ ಬದಲಾದವು. ಪ್ಯೂಜೊ ಕಂಪನಿಯ ಪರವಾನಗಿಯಲ್ಲಿ ಮಹೀಂದ್ರ ಮಾಡಿದ 2112 ಸಿಸಿ ಎಂಜಿನ್ ನಮ್ಮ ಮಿಸ್ತ್ರಿಗಳಿಗೆ ಇಂದಿಗೂ ಅಂಗೈ ನೆಲ್ಲಿ. ಎಂಜಿನ್ ಬದಲಿಸುವುದು ಇಲ್ಲಿ ಶೋಕಿಯಲ್ಲ, ಎಣ್ಣೆಯ ಖರ್ಚು ಉಳಿಸುವ ದಾರಿ.

ಅಡ್ಡ ಬರುವುದು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಂಡಿತವಾಗಿ ಹೇಳಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿತು. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರ. ಆದರೆ ಚೆಸ್ಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಅಂದರೆ ಹಳೆ ಜೀಪನ್ನು ಇದ್ದಂತೆಯೇ ಉಳಿಸಿ ಹೊಳಪಿಸಿದವನಿಗೆ ವಿಎ ನಂಬರು, ತಲೆ ಕೊಯ್ದವನಿಗೆ ಏನೂ ಇಲ್ಲ. ಬೀದಿಯಲ್ಲಿ ಬ್ರೇಕ್ ಹಿಡಿಯದ ಗಾಡಿಗಳು ಬೇಡ ಎಂಬುದು ಸರಿಯೇ. ಆದರೆ ಮಾರ್ಪಡಿಸಿದ ಗಾಡಿಯನ್ನು ಒಂದೊಂದಾಗಿ ತಪಾಸಣೆ ಮಾಡಿ ರಸ್ತೆಗೆ ಬಿಡುವ ಪದ್ಧತಿ ಬ್ರಿಟನ್ನಿನಂಥ ದೇಶಗಳಲ್ಲಿದೆ. ನಮ್ಮಲ್ಲಿಯೂ ಅಂಥದೊಂದು ಕಿಂಡಿ ತೆರೆದರೆ ನಷ್ಟವಿಲ್ಲ.

ಅಲ್ಲಿಯವರೆಗೆ ಕೆಎ-26 ನಂಬರಿನ ಹಾಟ್ ರಾಡ್ ಗದಗ ಜಿಲ್ಲೆಯ ರಸ್ತೆಗಿಳಿಯುವ ಹಾಗಿಲ್ಲ. ಗಜೇಂದ್ರಗಡದ ಯಾವನೋ ಹುಡುಗ ಹಟ ಹಿಡಿದು ಕಟ್ಟಿದನೆಂದೇ ಇಟ್ಟುಕೊಳ್ಳಿ, ಅದನ್ನು ಸ್ವಂತ ಜಾಗದಲ್ಲಿ ಓಡಿಸಬಹುದು, ಪ್ರದರ್ಶನಕ್ಕೆ ಇಡಬಹುದು. ಮೈದಾನದವರೆಗೆ ಒಯ್ಯಲು ಮಾತ್ರ ಟ್ರೇಲರ್ ಮೇಲೆ ಹೇರಲೇಬೇಕು. ಟ್ರೇಲರಿಗೆ ಈ ಸೀಮೆಯಲ್ಲಿ ಬರವಿಲ್ಲ.