ಮಲೇರಿಯಾ ಇಲ್ಲ, ಆದ್ರೂ ಮಲೇರಿಯಾ ಮಾತ್ರೆ ಯಾಕೆ?

ತೋಳಲ್ಲೋ ಕೆನ್ನೆಯಲ್ಲೋ ಒಂದು ಗಟ್ಟಿ ಗಂಟು, ಮುಟ್ಟಿದ್ರೆ ನೋವು. ಚರ್ಮದ ಡಾಕ್ಟರ್ ಚೀಟಿಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅಂತ ಬರೀತಾರೆ. ಗೂಗಲ್ ಮಾಡಿದ್ರೆ ‘ಮಲೇರಿಯಾ ಔಷಧಿ’ ಅಂತ ಬರುತ್ತೆ. ನನಗೆಲ್ಲಿದೆ ಮಲೇರಿಯಾ ಅಂತ ಗಾಬರಿ ಆದವರಿಗೆ ಈ ಎಪಿಸೋಡ್.

ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಉರಿಯೂತ ಆದ್ರೆ ಅದಕ್ಕೆ ಪ್ಯಾನಿಕ್ಯುಲೈಟಿಸ್ ಅಂತಾರೆ. ಕಾಲ ಮೇಲೆ ಏಳೋ ಕೆಂಪು ಗಂಟುಗಳು ಎಷ್ಟೋ ಸಲ ತಾವಾಗೇ ಇಳಿಯುತ್ತವೆ. ಲೂಪಸ್‌ನಿಂದ ಬಂದದ್ದು ಬೇರೆ. ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆ ನಮ್ಮ ಮೇಲೇ ತಿರುಗಿಬಿದ್ದಿರುತ್ತೆ. ಗಂಟು ಇಳಿದ ಜಾಗದಲ್ಲಿ ಕೊಬ್ಬು ಕರಗಿ ತಗ್ಗು ಬೀಳುತ್ತೆ. ಗುಳಿಕೆನ್ನೆ ಥರ ಚೆಂದದ್ದೇನಲ್ಲ, ಬಿದ್ದ ತಗ್ಗು ಸಾಮಾನ್ಯವಾಗಿ ತುಂಬೋದೂ ಇಲ್ಲ. ಮಾತ್ರೆ ಬೇಗ ಶುರು ಮಾಡೋದು ಇದಕ್ಕೇ.

ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಮಲೇರಿಯಾ ಬರದಿರಲಿ ಅಂತ ಮೆಪಾಕ್ರಿನ್ ಕೊಡ್ತಿದ್ರು. 1951ರಲ್ಲಿ ಫ್ರಾನ್ಸಿಸ್ ಪೇಜ್ ಅನ್ನೋ ವೈದ್ಯರು ಅದೇ ಮಾತ್ರೆಯನ್ನ 18 ಲೂಪಸ್ ರೋಗಿಗಳಿಗೆ ಕೊಟ್ಟು, ಬಹುತೇಕರಿಗೆ ವಾಸಿ ಕಂಡಿದ್ದನ್ನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆಮೇಲೆ ಬಂದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್. ಜೀವಕೋಶದೊಳಗೆ ಕಸ ಅರಗಿಸೋ ಆಮ್ಲದ ಚೀಲಗಳಿರುತ್ತವೆ. ಈ ಔಷಧಿ ಅಲ್ಲಿ ಸೇರಿಕೊಂಡು ಆಮ್ಲ ಕಡಿಮೆ ಮಾಡುತ್ತೆ. ‘ಶತ್ರು ಬಂದ’ ಅಂತ ಕೂಗೋ ಸಂಕೇತಗಳು ಆಗ ತಣ್ಣಗಾಗುತ್ತವೆ.

ಲೂಪಸ್ ಪ್ಯಾನಿಕ್ಯುಲೈಟಿಸ್ ಅಪರೂಪ. ಹಾಗಾಗಿ ಸಾವಿರಾರು ಜನರ ಮೇಲೆ ಪ್ರಯೋಗ ನಡೆದಿಲ್ಲ. ಕೈಯಲ್ಲಿರೋದು ಹೆಚ್ಚಾಗಿ ಸಣ್ಣ ಗುಂಪುಗಳ ವರದಿ. ಆದ್ರೂ ವೈದ್ಯರು ಮೊದಲು ಕೈಹಾಕೋದು ಈ ಮಾತ್ರೆಗೇ. ಅದಕ್ಕೂ ಮುಂಚೆ ಬಯಾಪ್ಸಿ ಆಗ್ಬೇಕು, ಅದೂ ಕೊಬ್ಬಿನ ತನಕ ಆಳವಾಗಿ. ಒಂದು ಅಪರೂಪದ ಕ್ಯಾನ್ಸರ್ ನೋಡೋಕೆ ಥೇಟ್ ಹೀಗೇ ಇರುತ್ತೆ.

ಇನ್ನೊಂದು ವಿಷಯ. ಇದು ಪ್ಯಾರಾಸಿಟಮಾಲ್ ಅಲ್ಲ. ಗುಣ ಕಾಣೋಕೆ ಎರಡು-ಮೂರು ತಿಂಗಳು ಬೇಕು. ಒಂದೇ ತಿಂಗಳಿಗೆ ‘ಏನೂ ಆಗ್ಲಿಲ್ಲ’ ಅಂತ ಬಿಟ್ಟರೆ, ಅಷ್ಟರಲ್ಲಿ ತಗ್ಗು ಬಿದ್ದಿರುತ್ತೆ. 2020ರಲ್ಲಿ ಕೋವಿಡ್ ಭಯಕ್ಕೆ ಜನ ಈ ಮಾತ್ರೆಗೆ ಮುಗಿಬಿದ್ದಾಗ, ನಿಜವಾಗಿ ಬೇಕಿದ್ದ ಲೂಪಸ್ ರೋಗಿಗಳು ಮೆಡಿಕಲ್ ಶಾಪಿಂದ ಶಾಪಿಗೆ ಅಲೆದರು. ಕೋವಿಡ್‌ಗೆ ಅದರಿಂದ ಉಪಯೋಗ ಇಲ್ಲ ಅಂತ ಅದೇ ವರ್ಷ ದೊಡ್ಡ ಪ್ರಯೋಗದಲ್ಲಿ ಗೊತ್ತಾಯ್ತು.

ವರ್ಷಗಟ್ಟಲೆ ತಗೊಂಡ್ರೆ ಕಣ್ಣಿನ ರೆಟಿನಾಗೆ ಹಾನಿ ಆಗಬಹುದು. ಅದಕ್ಕೇ ಡೋಸ್ ದೇಹದ ತೂಕದ ಲೆಕ್ಕ: ಕೆಜಿಗೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. ಮೊದಲ ವರ್ಷದೊಳಗೆ ಒಂದ್ಸಲ ಕಣ್ಣು ತೋರಿಸಿ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ. ಕಿಡ್ನಿ ತೊಂದರೆ ಇದ್ರೆ ಇನ್ನೂ ಬೇಗ.