ಜೀಪಿನ ದೊಡ್ಡ ಗಾಲಿಗಳ ತೂಕ ಸರಿದೂಗಿಸುವ ಬಗೆ



ದನದ ಡಾಕ್ಟರು ಟೈರಿನ ವಿಷಯ ಬರೆಯುವುದೇಕೆಂದು ತಾವು ಕೇಳಬಹುದು. ಮಲೆನಾಡಿನ ಒಳಭಾಗದ ಸಂಘಗಳಿಂದ ಹಾಲಿನ ಕ್ಯಾನು ಹೊರುವುದು, ಹಿಂಡಿ, ಮೇವು ತರುವುದು, ರಾತ್ರಿ ಹೊತ್ತು ಪಶುವೈದ್ಯರನ್ನು ಕರೆತರುವುದು ಎಲ್ಲಕ್ಕೂ ಫೋರ್ ವೀಲ್ ಜೀಪೇ ಗತಿ. ಮಳೆಗಾಲದ ಕೆಸರಿನಲ್ಲಿ ಹೂತುಹೋಗದಿರಲೆಂದು ಕಂಪನಿಯ ಟೈರು ತೆಗೆದು, 31 ಇಂಚು ಎತ್ತರದ ದಪ್ಪ ಹಲ್ಲಿನ ಮಡ್ ಟೈರು ಹಾಕಿಸುವ ಸದಸ್ಯರೂ ಇದ್ದಾರೆ. ಹಾಕಿಸಿದ ಮೇಲೆ ಟಾರು ರಸ್ತೆಯಲ್ಲಿ ಗಾಡಿ ನಡುಗುತ್ತದೆಂಬ ದೂರು ನಾನು ಹೋದಲ್ಲೆಲ್ಲ ಕೇಳಿಬರುತ್ತದೆ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ, ಕರು ಅಡ್ಡ ತಿರುಗಿದೆಯೆಂದು ನನಗೆ ಕರೆ ಬಂತು. ಕರೆಯಲು ಬಂದ ಜೀಪಿಗೆ ಹೊಸದಾಗಿ ದೊಡ್ಡ ಟೈರು ಹಾಕಿಸಿದ್ದರು. ವೇಗ 60 ಮುಟ್ಟುತ್ತಲೇ ಸ್ಟಿಯರಿಂಗು ಚಾಲಕನ ಕೈಯಲ್ಲಿ ನಿಲ್ಲಲಿಲ್ಲ. 30 ಕಿ.ಮೀ. ಟಾರು ರಸ್ತೆಯನ್ನು 40ರ ವೇಗದಲ್ಲೇ ಸವೆಸಿದೆವು. ನಾವು ತಲುಪುವಷ್ಟರಲ್ಲಿ ಕರು ಸತ್ತಿತ್ತು, ಹಸು ಉಳಿಯಿತು. ಟೈರಿನಿಂದಲೇ ಕರು ಸತ್ತಿತೆಂದು ನಾನು ಹೇಳಲಾರೆ. ಆದರೆ ದಾರಿಯಲ್ಲಿ ಕಾಲು ಗಂಟೆ ಕಳೆದದ್ದು ಅದರಿಂದಲೇ. ಬೆಳಿಗ್ಗೆ ನೋಡಿದರೆ ಗಾಲಿಗಳಿಗೆ ಒಂದು ತುಂಡು ಸೀಸವನ್ನೂ ಹಾಕಿರಲಿಲ್ಲ. ಜೊತೆಗೆ ಮುಂದಿನ ಎಡಗಾಲಿಯ ರಿಮ್ಮಿನ ಒಳಮೈಗೆ ಅಂಗೈಯಗಲ ಕೆಸರು ಕಚ್ಚಿ ಒಣಗಿತ್ತು.

ಯಾವ ಟೈರೂ ಸುತ್ತಲೂ ಒಂದೇ ತೂಕವಿರುವುದಿಲ್ಲ. ಎಲ್ಲೋ ಒಂದು ಕಡೆ ರಬ್ಬರು ಸ್ವಲ್ಪ ಹೆಚ್ಚಿರುತ್ತದೆ. ಟೈರು ದೊಡ್ಡದಾದಷ್ಟೂ, ಹಲ್ಲು ದಪ್ಪವಾದಷ್ಟೂ ಈ ವ್ಯತ್ಯಾಸ ಹೆಚ್ಚು. ಗಾಲಿ ತಿರುಗುವಾಗ ಆ ಭಾರದ ಕಡೆ ಹೊರಕ್ಕೆ ಎಳೆಯುತ್ತದೆ. ಕವಣೆ ಬೀಸುವಾಗ ಕಲ್ಲು ಕೈಯನ್ನು ಎಳೆಯುವುದಿಲ್ಲವೇ, ಹಾಗೆ. 31 ಇಂಚಿನ ಟೈರಿನ ಹೊರಮೈಯಲ್ಲಿ 100 ಗ್ರಾಂ ಹೆಚ್ಚಿದ್ದರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದರ ಎಳೆತ ಸುಮಾರು 13 ಕಿಲೋ ತೂಕದಷ್ಟಾಗುತ್ತದೆ. ಆ ವೇಗದಲ್ಲಿ ಗಾಲಿ ಸೆಕೆಂಡಿಗೆ 9 ಸುತ್ತು ತಿರುಗುವುದರಿಂದ, ಸೆಕೆಂಡಿಗೆ 9 ಸಲ ಈ ಎಳೆತ ಮೇಲೆ ಕೆಳಗೆ ಜಗ್ಗುತ್ತದೆ.

'ಟ್ರ್ಯಾಕ್ಟರಿನ ಗಾಲಿ ಇದಕ್ಕಿಂತ ದೊಡ್ಡದು, ಅದಕ್ಕೆ ಯಾರೂ ಬ್ಯಾಲೆನ್ಸ್ ಮಾಡಿಸುವುದಿಲ್ಲವಲ್ಲ ಸಾರ್' ಎಂದು ಒಬ್ಬ ಸದಸ್ಯರು ಕೇಳಿದರು. ಒಳ್ಳೆಯ ಪ್ರಶ್ನೆ. ಈ ಎಳೆತವು ವೇಗದ ವರ್ಗದಂತೆ ಏರುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಜೀಪಿನ ಅದೇ ಗಾಲಿ 25 ಕಿ.ಮೀ. ವೇಗದಲ್ಲಿ ಓಡಿದರೆ 13 ಕಿಲೋ ಎಳೆತ ಒಂದೂಕಾಲು ಕಿಲೋ ಆಗುತ್ತದೆ. ಟ್ರ್ಯಾಕ್ಟರು ಓಡುವುದೇ ನಿಧಾನ. ಅದರ ಹಿಂದಿನ ಟೈರಿಗೆ ನೀರು ತುಂಬಿಸುವುದು ಹಿಡಿತಕ್ಕಾಗಿ, ಸಮತೂಕಕ್ಕಲ್ಲ. ಜೀಪಿನ ಟೈರಿಗೆ ಹಾಗೆ ನೀರು ತುಂಬಿಸಬೇಡಿ.

ನಡುಕವೆಲ್ಲ ಸಮತೂಕದ ದೋಷವೇ ಎಂದುಕೊಂಡು ದುಡ್ಡು ಕಳೆಯಬಾರದು. ಒಂದು ಗೊತ್ತಾದ ವೇಗಕ್ಕೆ, ಸಾಮಾನ್ಯವಾಗಿ 60ರಿಂದ 80ರ ನಡುವೆ ನಡುಕ ಹುಟ್ಟಿದರೆ ಮೊದಲ ಅನುಮಾನ ಅದರ ಮೇಲೆ. ಸ್ಟಿಯರಿಂಗು ನಡುಗಿದರೆ ಮುಂದಿನ ಗಾಲಿ, ಸೀಟು ನಡುಗಿದರೆ ಹಿಂದಿನದು. ಗಾಡಿ ಒಂದು ಕಡೆಗೆ ಎಳೆದರೆ ಗಾಳಿ ಅಥವಾ ಅಲೈನ್‌ಮೆಂಟ್ ನೋಡಿಸಿ; ಅದು ಬೇರೆ ಕೆಲಸ, ಇದು ಬೇರೆ. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ದೋಷ ಡ್ರಮ್ಮಿನಲ್ಲೋ ಡಿಸ್ಕಿನಲ್ಲೋ ಇದೆ. ನಿಧಾನದಲ್ಲೂ ಓಲಾಡಿದರೆ ರಿಮ್ಮು ಸೊಟ್ಟಗಾಗಿರಬಹುದು ಅಥವಾ ಟೈರಿನ ಒಳಪದರ ಬಿಟ್ಟಿರಬಹುದು. ಪದರ ಬಿಟ್ಟ ಟೈರು ಸಿಡಿಯುತ್ತದೆ, ಅದನ್ನು ಕೂಡಲೇ ತೆಗೆಸಬೇಕು. ನೈಲಾನ್ ಟೈರಿನ ಜೀಪು ಬೆಳಿಗ್ಗೆ ಮೊದಲ ಕೆಲವು ಕಿ.ಮೀ. ಕುಣಿದು ಆಮೇಲೆ ಸರಿಹೋದರೆ ಚಿಂತೆಯಿಲ್ಲ; ರಾತ್ರಿಯೆಲ್ಲ ನಿಂತು ಟೈರಿನ ಅಡಿ ಚಪ್ಪಟೆಯಾಗಿರುತ್ತದೆ, ಬಿಸಿಯಾದ ಮೇಲೆ ದುಂಡಗಾಗುತ್ತದೆ.

ಹಳೆಯ ಜೀಪುಗಳಲ್ಲಿ ಮುಂದಿನ ಆಕ್ಸಲ್ಲು ಒಂದೇ ಗಟ್ಟಿ ತುಂಡು. ಅದರ ಕಿಂಗ್‌ಪಿನ್ನು, ಟೈರಾಡಿನ ತುದಿಗಳು ಸವೆದಿದ್ದರೆ ಸಣ್ಣ ಅಸಮತೂಕವೂ ಗಾಲಿಗಳನ್ನು ಎಡಬಲಕ್ಕೆ ಭಯಂಕರವಾಗಿ ಅಲುಗಿಸುತ್ತದೆ. ಅಲ್ಲಿ ಬರೀ ಸೀಸ ಹೊಡೆಸಿದರೆ ರೋಗ ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ ಗಾಲಿಯ ಒಳಮೈ, ಹೊರಮೈ ತೊಳೆದು, ಹಲ್ಲಿನ ಸಂದಿನ ಕಲ್ಲು ಕೀಳಿ. ಕೆಸರಿನ ಮೇಲೆ ಮಾಡಿಸಿದ ಬ್ಯಾಲೆನ್ಸು ಕೆಸರು ಉದುರುವವರೆಗೆ ಮಾತ್ರ. ಟೈರಿನ ಮೇಲೆ ಹಳದಿ ಚುಕ್ಕೆಯಿದ್ದರೆ ಅದು ಹಗುರವಾದ ಕಡೆ. ಅದನ್ನು ವಾಲ್ವಿಗೆ ನೇರವಾಗಿ ಕೂರಿಸಲು ಹೇಳಿ. ಮೆಷಿನ್ನಿನಲ್ಲಿ ಗಾಲಿ ನಡುವಿಗೆ ಸರಿಯಾಗಿ ಕೂತಿದೆಯೇ ಎಂಬುದನ್ನು ಕಣ್ಣಾರೆ ನೋಡಿ. ಜೀಪಿನ ರಿಮ್ಮಿನ ನಡುತೂತು ದೊಡ್ಡದು. ಕಾರಿನ ಸಣ್ಣ ಕೋನು ಹಾಕಿದರೆ ಗಾಲಿ ಓರೆ ಕೂತು ಲೆಕ್ಕವೇ ತಪ್ಪುತ್ತದೆ. ಅಗಲ ಟೈರಿಗೆ ರಿಮ್ಮಿನ ಒಳ ಅಂಚು, ಹೊರ ಅಂಚು ಎರಡಕ್ಕೂ ತೂಕ ಬೀಳಬೇಕು. ಒಂದೇ ಕಡೆ ಹಾಕಿದರೆ ಮೇಲೆ ಕೆಳಗಿನ ಕುಣಿತ ನಿಂತರೂ ಅಕ್ಕಪಕ್ಕದ ತೂರಾಟ ಉಳಿಯುತ್ತದೆ.

ಇನ್ನೊಂದು ಲೆಕ್ಕ ತಿಳಿದಿರಲಿ. ಭಾರ ಇರುವುದು ಟೈರಿನ ಹೊರಮೈಯಲ್ಲಿ, ಸೀಸ ಕೂರುವುದು ರಿಮ್ಮಿನ ಅಂಚಿನಲ್ಲಿ, ಅಂದರೆ ನಡುವಿನಿಂದ ಅರ್ಧ ದೂರದಲ್ಲಿ. ಹಾಗಾಗಿ ಹೊರಗಿನ 100 ಗ್ರಾಂ ಸರಿದೂಗಲು ಒಳಗೆ ಸುಮಾರು 200 ಗ್ರಾಂ ಬೇಕು. ಮೆಷಿನ್ನು ಇದಕ್ಕಿಂತ ಹೆಚ್ಚು ಕೇಳಿದರೆ ಸೀಸದ ಮೇಲೆ ಸೀಸ ಬಡಿಸಿಕೊಳ್ಳಬೇಡಿ. ಗಾಳಿ ಬಿಡಿಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿಸಿ. ಗಾಲಿ ಹಾಕುವಾಗ ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿಸಬೇಕು. 50 ಕಿ.ಮೀ. ಓಡಿದ ಮೇಲೆ ಪುನಃ ಬಿಗಿ ನೋಡಬೇಕು.

ಪೇಟೆ ದೂರವಾದರೆ ಮುಂದಿನ ಗಾಲಿಯನ್ನು ಮನೆಯಲ್ಲೇ ಅಂದಾಜು ನೋಡಬಹುದು. ಗಾಡಿಯನ್ನು ಟೂ ವೀಲಿಗೆ ಹಾಕಿ, ಹಬ್ ಲಾಕು ಇದ್ದರೆ ಬಿಡಿಸಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಜಾಕು ಎತ್ತಿ ಆಕ್ಸಲ್ಲಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕನ್ನು ನಂಬಬೇಡಿ. ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿಸಲವೂ ಒಂದೇ ಕಡೆ ಕೆಳಗೆ ಬಂದು ನಿಂತರೆ ಆ ಕಡೆ ಭಾರ. ಬ್ರೇಕು ಹಿಡಿಯುತ್ತಿದ್ದರೆ ಈ ಪರೀಕ್ಷೆ ಫಲಿಸದು.

ಈಗ ನಮ್ಮ ಹಾಲಿಗೆ ಬರೋಣ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಬಿಡದೆ ಕುಲುಕಿದರೆ ಕೊಬ್ಬಿನ ಕಣಗಳ ಹೊರಪೊರೆ ಒಡೆಯುತ್ತದೆ. ಹಾಲಿಗೆ ಕಮಟು ವಾಸನೆ ಬರಬಹುದು. ಬೆಣ್ಣೆ ಕಣ ಕಟ್ಟಿ ಮೇಲೆ ತೇಲಿದರೆ ಸ್ಯಾಂಪಲ್ಲಿನಲ್ಲಿ ಫ್ಯಾಟು ಸರಿಯಾಗಿ ಸಿಗುವುದಿಲ್ಲ. ಕೆಟ್ಟ ರಸ್ತೆಯ ಕುಲುಕಾಟವೇ ಸಾಕಷ್ಟಿದೆ, ಗಾಲಿಯದೂ ಸೇರುವುದು ಬೇಡ. ಕೃತಕ ಗರ್ಭಧಾರಣೆಯ ವೀರ್ಯ ಇಡುವ ದ್ರವ ಸಾರಜನಕದ ಕ್ಯಾನಿನಲ್ಲಿ ಒಳಪಾತ್ರೆಯು ಕುತ್ತಿಗೆಯಿಂದ ತೂಗಾಡುತ್ತಿರುತ್ತದೆ. ಅದಕ್ಕೂ ಏಟು ತಗಲಬಾರದು.

ಕಡೆಯದಾಗಿ, ನನ್ನ ಕಸುಬಿಗೆ ನೇರ ಸೇರಿದ ಮಾತು. ಜೀಪನ್ನು ಕೊಟ್ಟಿಗೆಯ ಮಗ್ಗುಲಲ್ಲೇ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಕಲ್ಲು ತಾಗಿ ರಿಮ್ಮಿನಿಂದ ಕಳಚಿದ ಸೀಸದ ತುಂಡು ಅಂಗಳದಲ್ಲಿ ಬಿದ್ದಿದ್ದರೆ ಹೆಕ್ಕಿ ತೆಗೆಯಿರಿ. ಕರುಗಳು ಸಿಕ್ಕಿದ್ದನ್ನು ನೆಕ್ಕುತ್ತವೆ, ನುಂಗುತ್ತವೆ. ಸೀಸದ ವಿಷವೇರಿದ ಕರು ಕುರುಡಾಗುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸೆಳವು ಬಂದು ಬೀಳುತ್ತದೆ. ಇಂಥ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಸತುವಿನ ಅಥವಾ ಕಬ್ಬಿಣದ ತೂಕಗಳು ಸಿಕ್ಕಿದರೆ ಅವನ್ನೇ ಹಾಕಿಸಿ.

ಬಿಚ್ಚಿದ ಹಳೆಯ ಟೈರುಗಳನ್ನು ರಸಮೇವಿನ ಗುಂಡಿಯ ಹೊದಿಕೆ ಮೇಲೆ ಹೇರುವುದನ್ನೂ ಕಂಡಿದ್ದೇನೆ. ಟೈರು ಲಡ್ಡಾದಂತೆ ಒಳಗಿನ ಉಕ್ಕಿನ ತಂತಿ ಎಳೆ ಎಳೆಯಾಗಿ ಮೇವಿಗೆ ಬೀಳುತ್ತದೆ. ಮೇವಿನೊಡನೆ ಹಸುವಿನ ಹೊಟ್ಟೆ ಸೇರಿದ ತಂತಿ ಎರಡನೆಯ ಹೊಟ್ಟೆಯ ಗೋಡೆ ತೂರಿ ಗುಂಡಿಗೆಯ ಪೊರೆಗೆ ಚುಚ್ಚುತ್ತದೆ. ಅಷ್ಟು ದೂರ ಹೋದ ಹಸುವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಹೊದಿಕೆಗೆ ಮರಳಿನ ಚೀಲ ಹೇರಿ, ಹಳೆಯ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.